ಬಂಡೆಯೊಳಗಿನ ಸಾಸಿವೆ ಕಾಳು

ಮಗಳಿಗೆ ಆಗ ನಾಲ್ಕು ತುಂಬಿ ಐದು ನಡೆಯುತ್ತಿತ್ತು. ಒಂದು ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ ಒಳಕೋಣೆಗೆ ಬಂದರೆ ಅವಳು ಎಲ್ಲಿಯೂ ಕಾಣಲಿಲ್ಲ. ಹಿತ್ತಲು, ಮಾಳಿಗೆಯ ಮೆಟ್ಟಿಲು, ಪಕ್ಕದ ಮನೆಯ ಕಟ್ಟೆ ಎಲ್ಲವನ್ನೂ ನೋಡಿಕೊಂಡು ಬಂದ ಮೇಲೆ ಮಂಚದ ಕೆಳಗಿನಿಂದ ಸಣ್ಣ ಸದ್ದು ಕೇಳಿಸಿತು. ಬಗ್ಗಿ ನೋಡಿದೆ. ಟ್ರಂಕಿನ ಹಿಂದೆ, ನನ್ನ ಹಸಿರು ದುಪಟ್ಟಾವನ್ನು ತಲೆಯಿಂದ ಕಾಲಿನವರೆಗೂ ಹೊದ್ದುಕೊಂಡು, ಅದರೊಳಗೆ ಶೇಂಗಾ ಉಂಡೆ ತಿನ್ನುತ್ತಾ ಕುಳಿತಿದ್ದಳು. ಊಟಕ್ಕೆ ಮೊದಲು ಉಂಡೆಯ ಡಬ್ಬಿ ಮುಟ್ಟಬಾರದೆಂದು ಬೆಳಿಗ್ಗೆಯೇ ಹೇಳಿದ್ದೆ. ಹಾಗಾಗಿ ನನ್ನ ಕಣ್ಣು ತಪ್ಪಿಸಲು ಹೀಗೆ ಅಡಗಿದ್ದಾಳೆಂದುಕೊಂಡು, ನಗು ತಡೆದು ದುಪಟ್ಟಾ ಸರಿಸಲು ಕೈ ಹಾಕಿದೆ. ಅವಳು ಎರಡೂ ಮುಷ್ಟಿಗಳಲ್ಲಿ ಅದನ್ನು ಬಿಗಿಯಾಗಿ ಹಿಡಿದು, "ತೆಗೆಯಬೇಡ ಅಮ್ಮಿ, ಅಲ್ಲಾ ಮಿಯಾಗೆ ಕಾಣಿಸಿಬಿಡುತ್ತದೆ" ಎಂದಳು.

ಆ ದನಿಯಲ್ಲಿ ತುಂಟತನವಿರಲಿಲ್ಲ, ಭಯವಿತ್ತು. ನನ್ನ ನಗು ಅಲ್ಲಿಯೇ ನಿಂತುಹೋಯಿತು. ಹಿಂದಿನ ಕೆಲವು ವಾರಗಳಲ್ಲಿ ನಾನು ಅವಳ ಮುಂದೆ ಅಲ್ಲಾಹನ ಹೆಸರನ್ನು ಎಷ್ಟು ಸಲ ತೆಗೆದಿದ್ದೆ, ಯಾವ ಯಾವ ಗಳಿಗೆಯಲ್ಲಿ ತೆಗೆದಿದ್ದೆ ಎಂದು ಅಲ್ಲಿ, ಆ ಮಂಚದ ಪಕ್ಕದ ನೆಲದ ಮೇಲೆ ಕುಳಿತೇ ಲೆಕ್ಕ ಹಾಕಿದೆ. ಹಾಲು ಚೆಲ್ಲಿ ಸುಳ್ಳು ಹೇಳಿದಾಗ "ಅಲ್ಲಾ ನೋಡುತ್ತಿದ್ದಾನೆ" ಎಂದಿದ್ದೆ. ತಮ್ಮನನ್ನು ಚಿವುಟಿದಾಗ ಹಾಗೆಯೇ ಎಂದಿದ್ದೆ. ತಟ್ಟೆಯಲ್ಲಿ ಅನ್ನ ಬಿಟ್ಟಾಗ, ಮಲಗದೆ ಹಟ ಮಾಡಿದಾಗ, ಒಮ್ಮೆ ಕೇವಲ ನನಗೆ ತಲೆನೋವಿದ್ದು ಅವಳ ಗದ್ದಲ ಸಹಿಸಲಾಗದೆ ಹೋದಾಗಲೂ ಅದೇ ಮಾತನ್ನೇ ಆಡಿದ್ದೆ. ಅವಳು ಏನಾದರೂ ಒಳ್ಳೆಯದು ಮಾಡಿದಾಗ ಆ ಮಾತನ್ನು ಒಂದು ಸಲವಾದರೂ ಹೇಳಿದ್ದೆನೇ ಎಂದು ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಮಗುವಿನ ಮನಸ್ಸಿನಲ್ಲಿ ಅಲ್ಲಾಹನ ಪ್ರೀತಿಯನ್ನು ಬಿತ್ತುತ್ತಿದ್ದೇನೆಂದು ನಂಬಿದ್ದ ನಾನು, ಅವನಿಂದ ಅಡಗಿಕೊಳ್ಳುವುದು ಹೇಗೆಂದು ಅವಳಿಗೆ ಕಲಿಸಿದ್ದೆ.

ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಒಂದು ರೀತಿಯಲ್ಲಿ ಆ ದುಪಟ್ಟಾವನ್ನು ಮೆಲ್ಲಗೆ ಸರಿಸುವ ಕೆಲಸವೇ ಆಗಿದೆ. ಅದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಾನು ಹುಟ್ಟಿ ಬೆಳೆದದ್ದು, ಈಗ ಮಕ್ಕಳನ್ನು ಬೆಳೆಸುತ್ತಿರುವುದು ವಿಜಯಪುರದಲ್ಲಿ. ಮನೆಯ ಮಾತು ದಖನಿ ಉರ್ದು, ಬೀದಿಯ ಮಾತು ಮತ್ತು ಶಾಲೆಯ ಓದು ಕನ್ನಡ, ನಮಾಜಿನ ಭಾಷೆ ಅರಬಿ. ಚಿಕ್ಕವಳಿದ್ದಾಗ ನನ್ನನ್ನು ಅರಬಿ ಕಲಿಯಲು ಕಳಿಸಿದ್ದ ಕಡೆ ಕಲಿಸುವವರ ಪಕ್ಕದಲ್ಲಿ ಸದಾ ಒಂದು ಬೆತ್ತವಿರುತ್ತಿತ್ತು. ಗಂಟಲಿನಿಂದ ಬರಬೇಕಾದ 'ಐನ್' ಅಕ್ಷರ ನನ್ನ ಬಾಯಿಯಲ್ಲಿ ಬರಿಯ 'ಅ' ಆಗಿ ಹೊರಬಿದ್ದಾಗಲೆಲ್ಲ ಅಂಗೈ ಚಾಚಬೇಕಾಗುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ, ತಾವು ಕಲಿತ ಹಾಗೆ ಕಲಿಸುತ್ತಿದ್ದರು. ಆದರೆ ಮುವ್ವತ್ತು ವರ್ಷಗಳಾದ ಮೇಲೂ ಕುರ್‌ಆನ್ ಓದುವಾಗ ಆ ಅಕ್ಷರ ಎದುರಾದರೆ ನನ್ನ ಬಲಗೈ ತಾನಾಗಿ ಮುದುಡಿಕೊಳ್ಳುತ್ತದೆ. ಪವಿತ್ರವಾದ ಅಕ್ಷರವೊಂದರ ಜೊತೆ ನೋವಿನ ನೆನಪು ಅಂಟಿಕೊಂಡರೆ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ನಾನು ನನ್ನ ಮೈಯಿಂದಲೇ ಬಲ್ಲೆ.

ಅದೇ ಬಾಲ್ಯದಲ್ಲಿ ಇನ್ನೊಂದು ಶಾಲೆಯೂ ಇತ್ತು, ಅದನ್ನು ಯಾರೂ ಶಾಲೆಯೆಂದು ಕರೆಯುತ್ತಿರಲಿಲ್ಲ. ಬೆಳಗಿನ ಫಜರ್ ನಮಾಜಿನ ನಂತರ ಅಬ್ಬಾ ನಡುಮನೆಯಲ್ಲಿ ಕುಳಿತು ಸಣ್ಣ ದನಿಯಲ್ಲಿ ಕುರ್‌ಆನ್ ಓದುತ್ತಿದ್ದರು. ನಾನು ಕೌದಿಯೊಳಗೆ ಅರ್ಧ ಎಚ್ಚರ, ಅರ್ಧ ನಿದ್ದೆಯಲ್ಲಿ ಆ ದನಿಯನ್ನು ಕೇಳುತ್ತಾ ಮಲಗಿರುತ್ತಿದ್ದೆ. "ಏಳು, ಓದು" ಎಂದು ಅವರು ಒಂದು ದಿನವೂ ಹೇಳಲಿಲ್ಲ. ಅಡುಗೆಮನೆಯಲ್ಲಿ ನಾನಿಮಾ, ಅಂದರೆ ನನ್ನ ತಾಯಿಯ ತಾಯಿ, ಹಿಟ್ಟಿಗೆ ಕೈ ಹಾಕುವಾಗ ಬಿಸ್ಮಿಲ್ಲಾ, ರೊಟ್ಟಿ ಉಬ್ಬಿದಾಗ ಸುಬಹಾನಲ್ಲಾ, ಕೊನೆಯ ರೊಟ್ಟಿ ಬುಟ್ಟಿಗೆ ಬಿದ್ದಾಗ ಅಲ್‌ಹಮ್ದುಲಿಲ್ಲಾ ಎನ್ನುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಪ್ರೀತಿಯಿಂದ ನೆನೆಯುವುದೆಂದರೆ ಏನೆಂದು ಈಗ ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಹಂಚಿನ ಮೇಲೆ ಉಬ್ಬುತ್ತಿರುವ ಆ ಜೋಳದ ರೊಟ್ಟಿಯೇ.

ನಾನಿಮಾ ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಹಾಡುಗಳಿಗೂ ನಮ್ಮ ಊರಿಗೂ ಹಳೆಯ ನಂಟಿದೆಯೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಆದಿಲ್‌ಶಾಹಿಗಳ ಕಾಲದಲ್ಲಿ ಬಿಜಾಪುರದ ಚಿಶ್ತಿ ಸೂಫಿಗಳ ಪರಂಪರೆಯಲ್ಲಿ ಚಕ್ಕಿನಾಮಾ, ಚರಖಾನಾಮಾ, ಲೋರಿನಾಮಾ ಎಂಬ ಪದ್ಯಪ್ರಕಾರಗಳು ದಖನಿಯಲ್ಲಿ ಹುಟ್ಟಿಕೊಂಡವು. ಬೀಸುವಾಗ ಹಾಡಲು ಒಂದು, ನೂಲುವಾಗ ಹಾಡಲು ಒಂದು, ತೊಟ್ಟಿಲು ತೂಗುವಾಗ ಹಾಡಲು ಇನ್ನೊಂದು. ಬೀಸುಕಲ್ಲಿನ ನೆಟ್ಟಗಿನ ಹಿಡಿಯನ್ನು ಅರಬಿಯ ಮೊದಲ ಅಕ್ಷರವಾದ ನೆಟ್ಟಗಿನ ಅಲಿಫ್‌ಗೆ, ಆ ಅಕ್ಷರದ ಮೂಲಕ ಅಲ್ಲಾಹನ ಹೆಸರಿಗೆ ಹೋಲಿಸುವ ಪದ್ಯಗಳು ಅವುಗಳಲ್ಲಿವೆ. ದೊಡ್ಡ ಗ್ರಂಥಗಳನ್ನು ಓದಬಲ್ಲವರು ಬಂದು ಬೀಸುವ ಹೆಂಗಸಿನ ಪಕ್ಕದಲ್ಲಿ ಕುಳಿತು, ಅವಳ ಕೈಯಲ್ಲಿದ್ದ ಹಿಡಿಯಿಂದಲೇ ಮಾತು ಶುರುಮಾಡಿದಂತಿದೆ ಇದು. ಆ ಹೆಂಗಸಿನ ಮಡಿಲಲ್ಲಿ ಮಗುವೂ ಇರುತ್ತಿತ್ತೆಂಬುದನ್ನು ಮರೆಯಬಾರದು. ಕನ್ನಡದ ತಾಯಂದಿರು ಬೀಸುವ ಪದ ಹಾಡುತ್ತಾ ಶಿವನನ್ನು ನೆನೆದ ಇದೇ ನೆಲದಲ್ಲಿ, ಇದೇ ಕಲ್ಲಿನ ಮುಂದೆ, ದಖನಿ ತಾಯಂದಿರು ಅಲ್ಲಾಹನನ್ನು ನೆನೆದರು. ತಿಳಿಯುವ ವಯಸ್ಸಿಗೆ ಮೊದಲೇ ಕಿವಿಗೆ ಬಿದ್ದ ಆ ದನಿ ಎಷ್ಟು ತಲೆಮಾರುಗಳನ್ನು ದಾಟಿ ನಾನಿಮಾರ ಗಂಟಲಿಗೆ ಬಂದಿತ್ತೋ. ಅವರು ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಾ, "ನನ್ನ ಪ್ರಭು ನನಗೆ ಸಾಕು" ಎಂಬ ಅರ್ಥದ ಜೋಗುಳ ಹೇಳುವಾಗ ಮಗು ಅವರ ಗಂಟಲಿನ ಮೇಲೆ ಪುಟ್ಟ ಬೆರಳಿಟ್ಟುಕೊಂಡು ಆ ಅದುರುವಿಕೆಯನ್ನು ಮುಟ್ಟುತ್ತಾ ನಿದ್ದೆ ಹೋಗುತ್ತಿತ್ತು.

ಮಂಚದ ಕೆಳಗಿನ ಆ ಮಧ್ಯಾಹ್ನದ ವಿಷಯವನ್ನು ನಾನು ಮೊದಲು ಹೇಳಿಕೊಂಡದ್ದು ನಾನಿಮಾರ ಬಳಿಯೇ. ಅವರು ಬುದ್ಧಿವಾದ ಹೇಳಲಿಲ್ಲ. "ನಾಳೆ ಅವಳು ಯಾರಿಗಾದರೂ ಏನಾದರೂ ಕೊಟ್ಟಾಗ ಅದೇ ಮಾತನ್ನು ಹೇಳಿ ನೋಡು ಬೇಟಾ" ಎಂದರು, ಅಷ್ಟೇ. ಮೂರನೆಯ ದಿನ ಸಂಜೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಮಗಳು ತನ್ನ ಪೇರಲ ಹಣ್ಣನ್ನು ಕಚ್ಚಿ ಎರಡು ಮಾಡಿ, ತಾನು ಕಚ್ಚದ ಕಡೆಯ ಅರ್ಧವನ್ನು ಅವಳಿಗೆ ಕೊಟ್ಟಳು. ನಾನು ಹತ್ತಿರ ಹೋಗಿ ಕಿವಿಯಲ್ಲಿ "ಅಲ್ಲಾ ನೋಡುತ್ತಿದ್ದಾನೆ" ಎಂದೆ. ಅವಳು ಗಾಬರಿಯಿಂದ ತಲೆಯೆತ್ತಿದಳು, ತಾನೇನು ತಪ್ಪು ಮಾಡಿದೆನೆಂದು ಹುಡುಕುವವಳಂತೆ ನನ್ನ ಮುಖ ನೋಡಿದಳು, ನಾನು ನಗುತ್ತಿರುವುದನ್ನು ಕಂಡು ಒಂದು ಕ್ಷಣ ಏನೂ ಅರ್ಥವಾಗದೆ ನಿಂತಳು. ಆಮೇಲೆ ನಿಧಾನವಾಗಿ ಅವಳ ಮುಖ ಅರಳಿದ ಬಗೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಮಾತು ಅದೇ. ಹೇಳಿದ ಗಳಿಗೆ ಮಾತ್ರ ಬೇರೆ.

ಅಲ್ಲಾಹನು ಎಲ್ಲವನ್ನೂ ಬಲ್ಲ ಎಂಬ ತಿಳಿವಳಿಕೆಯನ್ನು ಮಗುವಿಗೆ ಕೊಡುವುದು ಹೇಗೆಂಬುದನ್ನು ಕುರ್‌ಆನ್ ತಾನೇ ತೋರಿಸಿಕೊಟ್ಟಿದೆ ಎಂದು ನನಗೆ ಆ ದಿನಗಳಲ್ಲಿ ಹೊಳೆಯಿತು. 31ನೆಯ ಅಧ್ಯಾಯವಾದ ಸೂರಃ ಲುಕ್ಮಾನ್‌ನಲ್ಲಿ ಜ್ಞಾನಿ ಲುಕ್ಮಾನರು ಮಗನಿಗೆ ಹೇಳುವ ಮಾತುಗಳಿವೆ. ಅವರು ಮೂರು ಸಲ "ಯಾ ಬುನಯ್ಯ" ಎಂದು ಕರೆಯುತ್ತಾರೆ. ಅದು ಬರಿಯ 'ಮಗನೇ' ಅಲ್ಲ; ಅರಬಿಯಲ್ಲಿ ಮುದ್ದಿನಿಂದ ಚಿಕ್ಕದು ಮಾಡಿ ಕರೆಯುವ ರೂಪ, ನಮ್ಮ 'ಕಂದಾ' ಇದ್ದ ಹಾಗೆ. ಎರಡನೆಯ ಸಲ ಹಾಗೆ ಕರೆದು ಅವರು ಹೇಳುವುದೇನೆಂದರೆ, ಒಂದು ವಸ್ತು ಸಾಸಿವೆ ಕಾಳಿನಷ್ಟೇ ಇದ್ದರೂ, ಅದು ಬಂಡೆಯೊಳಗಿರಲಿ, ಆಕಾಶದಲ್ಲಿರಲಿ, ಭೂಮಿಯಲ್ಲಿರಲಿ, ಅಲ್ಲಾಹನು ಅದನ್ನು ಹೊರತರುತ್ತಾನೆ. ವಚನ ಮುಗಿಯುವುದು ಲತೀಫ್, ಖಬೀರ್ ಎಂಬ ಎರಡು ಹೆಸರುಗಳಿಂದ. ಖಬೀರ್ ಎಂದರೆ ಎಲ್ಲವನ್ನೂ ಅರಿತವನು. ಲತೀಫ್ ಎಂದರೆ ಸೂಕ್ಷ್ಮನು, ಅದರಲ್ಲಿ ನವಿರು, ನಯ ಎಂಬ ಅರ್ಥವೂ ಸೇರಿದೆ. ಎಲ್ಲವನ್ನೂ ಕಾಣುವವನ ಬಗ್ಗೆ ಹೇಳುವ ಆ ಮಾತಿನ ಒಂದು ತುದಿಯಲ್ಲಿ 'ಕಂದಾ' ಇದೆ, ಇನ್ನೊಂದು ತುದಿಯಲ್ಲಿ 'ಲತೀಫ್' ಇದೆ. ನಾನು ಆ ಎರಡು ತುದಿಗಳನ್ನೂ ಕತ್ತರಿಸಿ ನಡುವಿನದನ್ನು ಮಾತ್ರ ಮಗುವಿನ ಮೇಲೆ ಎಸೆದಿದ್ದೆ.

ಒಗ್ಗರಣೆ ಡಬ್ಬಿಯಿಂದ ಒಂದು ಸಾಸಿವೆ ಕಾಳು ತೆಗೆದು ಅವಳ ಅಂಗೈ ಮೇಲೆ ಇಟ್ಟೆ. ಇದನ್ನು ನನಗೆ ಸಿಗದ ಹಾಗೆ ಮನೆಯಲ್ಲಿ ಎಲ್ಲಾದರೂ ಬಚ್ಚಿಡು ಎಂದೆ. ಅವಳು ತುಂಬ ಹೊತ್ತು ಓಡಾಡಿ, ಗೋಡೆಯ ಬಿರುಕು, ಜೋಳದ ಚೀಲ, ಅಬ್ಬಾರ ಹಳೆಯ ಚಪ್ಪಲಿಯ ಹೊಲಿಗೆ ಎಲ್ಲವನ್ನೂ ಪರೀಕ್ಷಿಸಿ, ಕೊನೆಗೆ ಎಲ್ಲೋ ಇಟ್ಟು ಬಂದಳು. ನಾನು ನಿಜವಾಗಿಯೂ ಹುಡುಕಿದೆ, ನಿಜವಾಗಿಯೂ ಸಿಗಲಿಲ್ಲ. ಸೋತೆನೆಂದು ಕುಳಿತ ಮೇಲೆ ಲುಕ್ಮಾನರ ಆ ಮಾತನ್ನು ಹೇಳಿದೆ. ಅವಳು ಕುಣಿಯುತ್ತಾ "ಹಾಗಾದರೆ ಅಲ್ಲಾ ಮಿಯಾಗೆ ಗೊತ್ತು! ನನಗೂ ಅಲ್ಲಾ ಮಿಯಾಗೂ ಮಾತ್ರ ಗೊತ್ತು!" ಎಂದು ಮನೆಯೆಲ್ಲಾ ಓಡಿದಳು. ಅಡಗಿಕೊಳ್ಳಬೇಕಾದವನು ಗುಟ್ಟಿನ ಜೊತೆಗಾರನಾದದ್ದು ಆಗ. ಆ ಕಾಳು ಇಂದಿಗೂ ನನಗೆ ಸಿಕ್ಕಿಲ್ಲ. ಈಗ ಅವಳ ತಮ್ಮ ಅದೇ ಆಟವಾಡುತ್ತಾನೆ, ಆದರೆ ಅವನು ಪ್ರತಿ ಸಲವೂ ಕಾಳನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ.

ಹಾಗಾದರೆ ಮಕ್ಕಳಿಗೆ ಭಯವೇ ಬೇಡವೇ ಎಂದು ನನ್ನ ಓರಗಿತ್ತಿ ಕೇಳಿದ್ದರು. ಪ್ರಾಮಾಣಿಕವಾದ ಪ್ರಶ್ನೆ ಅದು. ಅಲ್ಲಾಹನ ಭಯವನ್ನು ನಮ್ಮ ಧರ್ಮ ಕಲಿಸುತ್ತದೆ, ನರಕದ ವರ್ಣನೆಯೂ ಕುರ್‌ಆನಿನಲ್ಲಿದೆ, ಅದನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ. ಆದರೆ ಪ್ರೀತಿಸುವವರ ಮನಸ್ಸು ನೋಯಿಸಿಬಿಟ್ಟೇನೆಂಬ ಭಯಕ್ಕೂ, ಕೋಲು ಹಿಡಿದವನ ಭಯಕ್ಕೂ ಬಹಳ ಅಂತರವಿದೆ. ಮೊದಲನೆಯದು ಹುಟ್ಟಬೇಕಾದರೆ ಪ್ರೀತಿ ಮೊದಲೇ ಅಲ್ಲಿರಬೇಕು. ನಾಲ್ಕು ವರ್ಷದ ಮಗುವಿಗೆ ಪ್ರೀತಿಯ ಬೇರು ಇಳಿಯುವ ಮುನ್ನವೇ ಶಿಕ್ಷೆಯ ಮಾತನ್ನು ಹೇಳಿದರೆ ಅದು ಎರಡನೆಯ ಬಗೆಯ ಭಯವನ್ನಷ್ಟೇ ಅರಿಯಬಲ್ಲದು. ಕುರ್‌ಆನ್ ತೆರೆದುಕೊಳ್ಳುವುದೇ ರಹ್ಮಾನ್, ರಹೀಮ್ ಎಂಬ ಹೆಸರುಗಳಿಂದ. ತಾಯಿಯ ಗರ್ಭಕ್ಕೆ ಅರಬಿಯಲ್ಲಿರುವ ಹೆಸರೂ ಅದೇ ಮೂಲದಿಂದ ಬಂದದ್ದು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಇರುವ ಒಂದು ಹದೀಸ್, ಅಂದರೆ ಪ್ರವಾದಿವರ್ಯರ ನಡೆನುಡಿಯ ವರದಿಯ ಪ್ರಕಾರ, ಸೆರೆಯಾಳುಗಳ ನಡುವೆ ಒಬ್ಬ ತಾಯಿ ಕಳೆದುಹೋದ ತನ್ನ ಮಗುವನ್ನು ಕಂಡು ಎದೆಗವಚಿಕೊಂಡು ಹಾಲೂಡಿಸಿದಾಗ ಪ್ರವಾದಿ ಮುಹಮ್ಮದ್ (ಸ, ಅಂದರೆ ಅವರ ಮೇಲೆ ಶಾಂತಿಯಿರಲಿ) ಸಂಗಾತಿಗಳನ್ನು ಕೇಳಿದರು: ಈ ತಾಯಿ ತನ್ನ ಮಗುವನ್ನು ಬೆಂಕಿಗೆ ಎಸೆದಾಳೇ? ಇಲ್ಲವೆಂದರು. ಈ ತಾಯಿಗೆ ಮಗುವಿನ ಮೇಲಿರುವ ಕರುಣೆಗಿಂತ ಅಲ್ಲಾಹನಿಗೆ ತನ್ನ ದಾಸರ ಮೇಲಿರುವ ಕರುಣೆ ಹೆಚ್ಚಿನದು ಎಂದರು ಪ್ರವಾದಿವರ್ಯರು. ಇದನ್ನು ಓದಿದಾಗಲೆಲ್ಲ ನನಗೆ ಒಂದು ಅಳುಕು ಮೂಡುತ್ತದೆ. ಅಲ್ಲಾಹನ ಕರುಣೆಯನ್ನು ಸಂಗಾತಿಗಳಿಗೆ ತಿಳಿಸಲು ಪ್ರವಾದಿವರ್ಯರು ಬಳಸಿದ ಅಳತೆಗೋಲು ತಾಯಿ. ಆ ಅಳತೆಗೋಲೇ ದಿನವಿಡೀ ಸಿಡಿಮಿಡಿಗುಟ್ಟುತ್ತಿದ್ದರೆ ಮಗು ಇನ್ನು ಯಾವುದರಿಂದ ಅಳೆಯಬೇಕು?

ಮಗಳ ಬಿಸ್ಮಿಲ್ಲಾ ಶಾಸ್ತ್ರ ನಮ್ಮ ಕಡೆಯ ವಾಡಿಕೆಯಂತೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಆಗಿತ್ತು. ಇದು ಧರ್ಮದ ಆಜ್ಞೆಯಲ್ಲ, ನಮ್ಮ ದೇಶದ ಮುಸ್ಲಿಂ ಮನೆಗಳಲ್ಲಿ ಬೆಳೆದುಬಂದ ಪದ್ಧತಿ. ಹೊಸ ಬಟ್ಟೆ, ಮಿಠಾಯಿ, ಹಿರಿಯರ ಮಡಿಲು, ಬಾಯಿಗೆ ಬಿಸ್ಮಿಲ್ಲಾ, ಇಷ್ಟೇ. ಆದರೆ ಓದು ಎಂಬುದು ಸಿಹಿಯಿಂದ ಶುರುವಾಗಬೇಕೆಂದು ಯಾರೋ ಹಿರಿಯರು ಬಹಳ ಯೋಚಿಸಿಯೇ ಇದನ್ನು ತಂದಿರಬೇಕು. ಬೆತ್ತದ ನೆನಪಿನಿಂದಾಗಿ ನಾನು ಅರಬಿ ಅಕ್ಷರ ಕಲಿಸುವ ಮೊದಲ ಪುಸ್ತಕವಾದ ಖಾಯದಾವನ್ನು ಮನೆಯಲ್ಲಿ ನಾನೇ ಕಲಿಸಲು ಕುಳಿತೆ. ಅರಬಿ ಅಕ್ಷರಗಳ ಮೇಲೆ ಕೆಳಗೆ ಹಾಕುವ ಜಬರ್, ಜೇರ್, ಪೇಶ್ ಎಂಬ ಗುರುತುಗಳನ್ನು ಹೇಳಿಕೊಡುತ್ತಾ, ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು ಎಂದು ಓದಿಸುತ್ತಿದ್ದೆ. ಅಂಗನವಾಡಿಯಲ್ಲಿ ಗೋಡೆಯ ಮೇಲಿನ ಕನ್ನಡ ಕಾಗುಣಿತ ನೋಡಿ ಬಂದಿದ್ದ ಅವಳು ಒಂದು ದಿನ ಬೆರಳು ನಿಲ್ಲಿಸಿ, "ಅಮ್ಮಿ, ಇದು ಗುಡಿಸು, ಇದು ಕೊಂಬು" ಎಂದಳು. ಮುವ್ವತ್ತು ವರ್ಷ ಎರಡೂ ಲಿಪಿಗಳನ್ನು ಓದಿದ ನನಗೆ ಇದು ಹೊಳೆದಿರಲಿಲ್ಲ. ಆ ದಿನದಿಂದ ಅರಬಿ ಅವಳಿಗೆ ಪರಕೀಯವಾಗಿ ಉಳಿಯಲಿಲ್ಲ. ಅವಳ 'ಐನ್' ಇನ್ನೂ ಸರಿಯಾಗಿಲ್ಲ. ಅದು ಬರುವಾಗ ಬರುತ್ತದೆ.

ಅರ್ಥ ತಿಳಿಯದೆ ಬಾಯಿಪಾಠ ಮಾಡಿದರೆ ಭಕ್ತಿ ಬೆಳೆಯುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ದನಿಗೆ ತನ್ನದೇ ಆದ ಶಕ್ತಿಯಿದೆ, ಅಬ್ಬಾರ ಬೆಳಗಿನ ಓದು ಅದಕ್ಕೆ ಸಾಕ್ಷಿ. ಆದರೂ ಕನ್ನಡ ಶಾಲೆಗೆ ಹೋಗುವ ಮಗುವಿಗೆ ಕನ್ನಡದಲ್ಲಿ ಅರ್ಥ ಹೇಳಿದಾಗ ಅವಳ ಕಣ್ಣಿನಲ್ಲಿ ಬೇರೆಯೇ ಒಂದು ದೀಪ ಹತ್ತುತ್ತದೆ. ಆನೆಗಳ ಪಡೆ ಬಂದ ಸೂರಃ ಫೀಲ್, ಇರುವೆಯೊಂದು ತನ್ನ ಬಳಗಕ್ಕೆ ಗೂಡು ಸೇರಿಕೊಳ್ಳಿರೆಂದು ಕೂಗಿದ್ದನ್ನು ಕೇಳಿ ಪ್ರವಾದಿ ಸುಲೈಮಾನರು ಮುಗುಳ್ನಕ್ಕ ಸೂರಃ ನಮ್ಲ್, ಇವು ಅವಳ ಅಚ್ಚುಮೆಚ್ಚು. ಇರುವೆಯ ಕಥೆ ಕೇಳಿದ ಮೇಲೆ ಅವಳು ಹಿತ್ತಲಿನಲ್ಲಿ ಕಾಲಿಡುವ ರೀತಿಯೇ ಬದಲಾಯಿತು. ನಮಾಜಿನ ಪಠಣ ಅರಬಿಯಲ್ಲೇ ಆಗಬೇಕು, ಆದರೆ ಅದು ಮುಗಿದ ಮೇಲೆ ಕೈಯೆತ್ತಿ ಕೇಳುವ ದುಆಗೆ ಭಾಷೆಯ ಹಂಗಿಲ್ಲ. ಅವಳು ದಖನಿಯಲ್ಲಿ ಶುರುಮಾಡಿ, ಶಾಲೆಯ ವಿಷಯ ಬಂದಾಗ ಕನ್ನಡಕ್ಕೆ ಹೊರಳಿ, ಬೆಕ್ಕಿನ ಮರಿಯ ಕಾಲುನೋವಿನವರೆಗೂ ಹೋಗಿ ಆಮೀನ್ ಎನ್ನುತ್ತಾಳೆ. ನಾನು ತಿದ್ದುವುದಿಲ್ಲ.

ಒಮ್ಮೆ ಆ ದುಆದ ನಡುವೆ ನಿಲ್ಲಿಸಿ, ಪೇರಲ ಹಣ್ಣು ಹಂಚಿಕೊಂಡ ಗೆಳತಿಯ ಜ್ವರ ವಾಸಿಯಾಗಲೆಂದು ಕೇಳಬಹುದೇ, ಅವಳ ಮನೆಯಲ್ಲಿ ಬೇರೆ ದೇವರಿದ್ದಾರಲ್ಲ ಎಂದಳು. ಸೂರಃ ಫಾತಿಹಾದ ಎರಡನೆಯ ವಚನವನ್ನು ಓದಿಸಿದೆ. ರಬ್ಬಿಲ್ ಆಲಮೀನ್ ಎಂದರೆ ಸಕಲ ಲೋಕಗಳ ಪಾಲಕ. ನಮ್ಮ ಓಣಿಯ ಪಾಲಕನೆಂದು ಅಲ್ಲಿ ಬರೆದಿಲ್ಲ. ಅವಳು ಗೆಳತಿಯ ಹೆಸರನ್ನು ಎರಡು ಸಲ ಹೇಳಿ ದುಆ ಮುಗಿಸಿದಳು.

ಹದೀಸ್ ಸಂಗ್ರಹಗಳಲ್ಲಿ ಪ್ರವಾದಿವರ್ಯರು (ಸ) ಮಕ್ಕಳ ಜೊತೆ ಇದ್ದ ಬಗೆಯನ್ನು ಓದುವುದು ನನ್ನ ಪಾಲಿಗೆ ಇವೆಲ್ಲಕ್ಕಿಂತ ಹೆಚ್ಚಿನ ಪಾಠವಾಯಿತು. ಅವರು ಸಜ್ದಾದಲ್ಲಿದ್ದಾಗ, ಅಂದರೆ ನೆಲಕ್ಕೆ ಹಣೆಯಿಟ್ಟಿದ್ದಾಗ, ಮೊಮ್ಮಗ ಬೆನ್ನೇರಿ ಕುಳಿತ. ಜನರೆಲ್ಲ ಹಿಂದೆ ಸಾಲಾಗಿ ಸಜ್ದಾದಲ್ಲಿದ್ದರೂ ಅವರು ತಲೆಯೆತ್ತಲಿಲ್ಲ. ನಮಾಜಿನ ನಂತರ ಜನ ಕಾರಣ ಕೇಳಿದಾಗ, ಮಗುವಿನ ಆಸೆ ತೀರುವ ಮುನ್ನ ಅವಸರಪಡಿಸಲು ಮನಸ್ಸಾಗಲಿಲ್ಲವೆಂದರು. ಮಗಳು ಝೈನಬರ ಪುಟ್ಟ ಕೂಸು ಉಮಾಮಾಳನ್ನು ಎತ್ತಿಕೊಂಡೇ ನಮಾಜ್ ಮಾಡಿದರು; ಸಜ್ದಾಕ್ಕೆ ಹೋಗುವಾಗ ಕೆಳಗಿಳಿಸಿ, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ನಮಾಜನ್ನು ದೀರ್ಘವಾಗಿ ಮಾಡಬೇಕೆಂದು ನಿಂತಾಗ ಮಗುವಿನ ಅಳು ಕೇಳಿಸಿದರೆ ತಾಯಿಗೆ ಕಷ್ಟವಾದೀತೆಂದು ಚುಟುಕು ಮಾಡುತ್ತಿದ್ದರು. ನನ್ನ ಮಗಳಿಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಕಥೆ. ಅವನ ಬಳಿ ನುಗೈರ್ ಎಂಬ ಸಣ್ಣ ಹಕ್ಕಿಯಿತ್ತು, ಅದು ಸತ್ತುಹೋಯಿತು. ಪ್ರವಾದಿವರ್ಯರು ಅವನಿಗೆ ಪ್ರಾಸ ಕೂಡಿಸಿ, "ಅಬೂ ಉಮೈರ್, ಏನಾಯಿತು ನಿನ್ನ ನುಗೈರ್?" ಎಂದು ಕೇಳಿದರು. ಒಂದು ಸಮುದಾಯದ ಸಮಸ್ತ ಹೊಣೆ ಹೊತ್ತವರಿಗೆ ಒಬ್ಬ ಹುಡುಗನ ಸತ್ತ ಹಕ್ಕಿಯ ಬಗ್ಗೆ ಕೇಳಲು ಬಿಡುವಿತ್ತು. ಇದನ್ನು ಕೇಳಿದ ರಾತ್ರಿ ಮಗಳು, "ಅವರು ನಮ್ಮ ಮನೆಗೆ ಬಂದಿದ್ದರೆ ನಮ್ಮ ಬೆಕ್ಕಿನ ಹೆಸರನ್ನೂ ಕೇಳುತ್ತಿದ್ದರು" ಎಂದಳು. ಪ್ರವಾದಿಪ್ರೇಮ ಎಂಬ ದೊಡ್ಡ ಪದವನ್ನು ನಾನು ಅವಳಿಗೆ ಇನ್ನೂ ಹೇಳಿಕೊಟ್ಟಿಲ್ಲ.

ಇಂಥ ಹದೀಸ್‌ಗಳನ್ನು ಓದಿಕೊಂಡು, ಮಸೀದಿಯೊಂದರಲ್ಲಿ ಮಗ ನಕ್ಕನೆಂದು ಹಿರಿಯರೊಬ್ಬರು ಅವನ ರಟ್ಟೆ ಹಿಡಿದು ಹೊರಗೆ ಕಳಿಸಿದ್ದನ್ನು ಯಜಮಾನರು ಬಂದು ಹೇಳಿದಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಮೂರೂವರೆ ವರ್ಷದ ಮಗು, ಅಬ್ಬುವಿನ ಟೋಪಿ ತನ್ನ ಕಣ್ಣಿನವರೆಗೂ ಜಾರಿತೆಂದು ನಕ್ಕಿದ್ದ. ಒಂದು ತಿಂಗಳು ಅವನು ಆ ಬಾಗಿಲಿನತ್ತ ಹೋಗಲೊಲ್ಲೆನೆಂದ. ಕೊನೆಗೆ ಒಂದು ಬೆಳಿಗ್ಗೆ ಅಕ್ಕ ತಮ್ಮ ಇಬ್ಬರನ್ನೂ ನಮ್ಮ ಊರಿನ ಜಾಮಾ ಮಸೀದಿಗೆ ಕರೆದುಕೊಂಡು ಹೋದೆವು. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಶುರುವಾದ ಆ ಕಟ್ಟಡದ ನೆಲದ ಮೇಲೆ ಜಾನಮಾಜ್, ಅಂದರೆ ನಮಾಜಿನ ಚಾಪೆಯ ಆಕಾರದ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಗುರುತಿಸಿದ್ದಾರೆ. 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬ್ ಅವನ್ನು ಹಾಕಿಸಿದನೆಂದು ಹೇಳುತ್ತಾರೆ. ಮಗ ಒಂದೊಂದು ಚೌಕದಲ್ಲೂ ನಿಂತು ನೋಡುತ್ತಾ ಹೋದ. ಇದರಲ್ಲಿ ಯಾವುದು ಬೇಕಾದರೂ ನಿನ್ನದು ಎಂದರು ಅವನ ಅಬ್ಬು. ಅವನು ಕಂಬದ ಪಕ್ಕದ, ಬಿಸಿಲು ಬೀಳುತ್ತಿದ್ದ ಒಂದನ್ನು ಆರಿಸಿಕೊಂಡು ಅದರ ಮೇಲೆ ಅಂಗಾತ ಮಲಗಿ, ಕಮಾನುಗಳನ್ನು ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದ. ಪಕ್ಕದ ಚೌಕದಲ್ಲಿ ಅವನ ಅಕ್ಕ ಎರಡು ರಕಅತ್ (ಸುತ್ತು) ನಮಾಜ್ ಮಾಡಿದಳು. ಅವಳು ಬೆಳೆದಂತೆ ಮಸೀದಿಯ ಬಾಗಿಲು ಅವಳಿಗೆ ಕಿರಿದಾಗುತ್ತಾ ಹೋಗಬಾರದೆಂಬುದು ನನ್ನ ಮನಸ್ಸಿನ ಆಳದ ಬೇಡಿಕೆ. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿರೆಂಬ ಪ್ರವಾದಿವಚನ ಇದೆ. ಉಮಾಮಾ ಕೂಡ ಹೆಣ್ಣುಮಗುವೇ.

ರಮಜಾನ್ ಬಗ್ಗೆ ಹೇಳದೆ ಈ ಬರಹ ಮುಗಿಯಲಾರದು. ನಾವು ಚಿಕ್ಕವರಿದ್ದಾಗ ಮಕ್ಕಳಿಗೆ "ಏಕ್ ದಾಢ್ ಕಾ ರೋಜಾ", ಅಂದರೆ ಒಂದೇ ದವಡೆಯ ಉಪವಾಸ ಹಿಡಿಸುತ್ತಿದ್ದರು. ಒಂದು ಕಡೆಯ ಹಲ್ಲಿಗೆ ಉಪವಾಸ, ಇನ್ನೊಂದು ಕಡೆಯಿಂದ ಊಟ. ನಾವು ಅತ್ಯಂತ ಶ್ರದ್ಧೆಯಿಂದ ಎಡಗಡೆಯಲ್ಲಷ್ಟೇ ಅಗಿಯುತ್ತಿದ್ದೆವು. 2025ರ ರಮಜಾನ್ ಮಾರ್ಚ್ ತಿಂಗಳಲ್ಲಿ ಬಂದಿತ್ತು, ನಮ್ಮ ಊರಿನ ಬಿಸಿಲು ಆಗಲೇ ಏರತೊಡಗಿತ್ತು. ಆರು ವರ್ಷದ ಮಗಳು ಒಂದು ದಿನ ಪೂರ್ತಿ ರೋಜಾ ಇರುತ್ತೇನೆಂದು ಹಟ ಹಿಡಿದು ಬೆಳಗಿನ ಜಾವದ ಊಟವಾದ ಸಹರಿಗೆ ಎದ್ದಳು. ಪ್ರಾಯಕ್ಕೆ ಬರುವವರೆಗೆ ಮಕ್ಕಳ ಮೇಲೆ ಉಪವಾಸ ಕಡ್ಡಾಯವಲ್ಲ, ಬೇಡವೆಂದೆ, ಕೇಳಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಬಚ್ಚಲಿಗೆ ಹೋದವಳು ತುಂಬ ಹೊತ್ತಾದರೂ ಬರಲಿಲ್ಲ. ಬಾಗಿಲು ತಟ್ಟಿದರೆ ಅಳುತ್ತಾ ಹೊರಬಂದಳು. ತಂಬಿಗೆಯಿಂದ ನೀರು ಕುಡಿದಿದ್ದಳು. ಎರಡು ವರ್ಷಗಳ ಹಿಂದಾಗಿದ್ದರೆ ನನ್ನ ಬಾಯಿಗೆ ಮೊದಲು ಬರುತ್ತಿದ್ದ ಮಾತು ಯಾವುದೆಂದು ನನಗೆ ಗೊತ್ತು. ಆದರೆ ಈ ಸಲ ಅವಳೇ ಬಿಕ್ಕುತ್ತಾ, "ಅಲ್ಲಾ ಮಿಯಾಗೆ ಹೇಳಿದೆ, ನನಗೆ ಬಾಯಾರಿತ್ತು ಅಂತ" ಎಂದಳು. ಅವನಿಂದ ಅಡಗಿರಲಿಲ್ಲ, ಅವನಿಗೇ ಹೇಳಿಕೊಂಡಿದ್ದಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇನ್ನೊಂದು ಲೋಟ ನೀರು ಕೊಟ್ಟೆ. ಪ್ರವಾದಿವರ್ಯರ ಕಾಲದ ರುಬಯ್ಯಿ ಎಂಬ ಮಹಿಳೆ, ತಾವು ಮೊಹರಂ ಹತ್ತನೆಯ ದಿನದ ಆಶೂರಾ ಉಪವಾಸವಿರುವಾಗ ಮಕ್ಕಳಿಗೂ ಇರಿಸುತ್ತಿದ್ದೆವು, ಹಸಿವೆಯಿಂದ ಅತ್ತರೆ ಉಣ್ಣೆಯಿಂದ ಮಾಡಿದ ಆಟಿಕೆ ಕೊಟ್ಟು ಸಂಜೆಯವರೆಗೂ ಆಡಿಸುತ್ತಿದ್ದೆವು ಎಂದು ಹೇಳಿದ್ದು ಹದೀಸ್‌ನಲ್ಲಿದೆ. ಆ ಸಂಜೆ ಹಳೆಯ ಉಣ್ಣೆಯ ಸ್ವೆಟರೊಂದನ್ನು ಬಿಚ್ಚಿ ಅವಳಿಗೆ ಒಂದು ಒಂಟೆ ಮಾಡಿಕೊಟ್ಟೆ. ನೋಡಿದವರೆಲ್ಲ ಅದನ್ನು ಆಡು ಎಂದರು. ಇಫ್ತಾರಿನ ಹೊತ್ತಿಗೆ ಮೊದಲ ಖರ್ಜೂರವನ್ನು ನಾನಿಮಾ ಅವಳ ಬಾಯಿಗೇ ಇಟ್ಟರು.

ಈಗ ಅವಳಿಗೆ ಏಳು. ಮಕ್ಕಳಿಗೆ ಏಳನೆಯ ವಯಸ್ಸಿನಲ್ಲಿ ನಮಾಜ್ ಮಾಡಲು ಹೇಳಿರಿ ಎಂಬ ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಅವಳ ಏಳು ನಾವು ಆಚರಿಸುವ ಹುಟ್ಟುಹಬ್ಬಕ್ಕಿಂತ ಎರಡೂವರೆ ತಿಂಗಳು ಮೊದಲೇ ತುಂಬಿತ್ತು. ಅದೇ ಹದೀಸ್‌ನಲ್ಲಿ ಹತ್ತನೆಯ ವಯಸ್ಸಿಗೆ ದಂಡಿಸುವ ಮಾತೂ ಇದೆಯೆಂದು ಹೇಳುವವರು, ಏಳರಿಂದ ಹತ್ತರವರೆಗಿನ ನಡುವಿನ ಕಾಲವನ್ನು ಲೆಕ್ಕ ಹಾಕುವುದಿಲ್ಲ. ದಿನಕ್ಕೆ 5 ಹೊತ್ತು, ವರ್ಷಕ್ಕೆ 354 ದಿನ, ಹೀಗೆ 3 ವರ್ಷ ಎಂದರೆ 5,310 ಸಲ ಬಾಯಿಮಾತಿನಲ್ಲಿ ಕರೆಯಬೇಕು. ಅಷ್ಟು ಸಲ ಪ್ರೀತಿಯಿಂದ ಕರೆದ ತಾಯಿಗೆ ಕೈಯೆತ್ತುವ ಪ್ರಸಂಗ ಬರುತ್ತದೆಂದು ನನಗನ್ನಿಸುವುದಿಲ್ಲ. ಆ ದಂಡನೆಗೂ ವಿದ್ವಾಂಸರು ನೋವಾಗಬಾರದು, ಗುರುತು ಬೀಳಬಾರದು ಎಂಬ ಕಟ್ಟುಗಳನ್ನು ಹಾಕಿದ್ದಾರೆ. ಪ್ರವಾದಿವರ್ಯರು ಯಾವ ಹೆಂಗಸಿನ ಮೇಲೂ, ಯಾವ ಸೇವಕನ ಮೇಲೂ ಎಂದೂ ಕೈಮಾಡಲಿಲ್ಲವೆಂದು ಅವರ ಪತ್ನಿ ಆಯಿಶಾರೇ ಹೇಳಿದ್ದಾರೆ. ಮಗಳು ಕೆಲವು ಹೊತ್ತು ತಾನಾಗಿ ಬಂದು ನನ್ನ ಪಕ್ಕ ನಿಲ್ಲುತ್ತಾಳೆ, ಕೆಲವು ಹೊತ್ತು ಕರೆದರೂ ಬರುವುದಿಲ್ಲ. ಬಾರದ ಹೊತ್ತಿನಲ್ಲಿ ಅವಳ ಪುಟ್ಟ ಜಾನಮಾಜನ್ನು ನನ್ನದರ ಪಕ್ಕದಲ್ಲಿ ಹಾಸಿಯೇ ನಾನು ನಮಾಜ್ ಶುರುಮಾಡುತ್ತೇನೆ.

ನಾನಿಮಾ ಕಳೆದ ವರ್ಷ ತೀರಿಕೊಂಡರು. ಅವರು ಪ್ರತಿದಿನ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ಬಡಮಕ್ಕಳು ಓದುವ ಮದರಸಾಕ್ಕೆ ಹೋಗುತ್ತಿತ್ತು. ನನ್ನ ಕೈಯನ್ನು, ನನ್ನ ನಂತರ ನನ್ನ ಮಕ್ಕಳ ಕೈಯನ್ನು ಹಿಡಿದು ಹಾಕಿಸುತ್ತಿದ್ದರು. ಅವರು ಹೋದ ಮೇಲೆ ಹಲವು ದಿನ ನಾನು ಆ ಡಬ್ಬಿಯನ್ನು ಮುಟ್ಟಿರಲಿಲ್ಲ. ಒಂದು ಬೆಳಿಗ್ಗೆ ಮಗ ತಾನೇ ಮಣೆಯ ಮೇಲೆ ಹತ್ತಿ ನಿಂತು, ಬಿಸ್ಮಿಲ್ಲಾ ಎಂದು ಒಂದು ಮುಷ್ಟಿ ಅಕ್ಕಿ ಅದಕ್ಕೆ ಹಾಕಿದ. ನಂತರ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡು, ಇನ್ನೊಂದು ಮುಷ್ಟಿ ಹಾಕಿದ, ಆಮೇಲೆ ಮತ್ತೊಂದು. ಏಕೆಂದು ಕೇಳಿದೆ. "ನಾನಿಮಾರ ಮುಷ್ಟಿ ದೊಡ್ಡದಿತ್ತು" ಎಂದು ಹೇಳಿ, ಮೂರು ಬೆರಳುಗಳಿಗೆ ಅಂಟಿದ್ದ ಕಾಳುಗಳನ್ನೂ ಒಂದೊಂದಾಗಿ ಡಬ್ಬಿಯೊಳಗೆ ಉದುರಿಸಿದ.